ಪುರಸಭೆ ಹೊಸ ಕಟ್ಟಡ ಕಟ್ಟುವ ಮುಂಚೆ ಜನರ ಮಾತು: ಯಾವಾಗ, ಎಲ್ಲಿ, ಹೇಗೆ?

ಪೇಟೆಗೆ ಹೊಸ ಬಸ್ ನಿಲ್ದಾಣ ಬರುತ್ತದಂತೆ. ಹಳೇ ಸಂತೆ ಮಳಿಗೆ ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರಂತೆ. ಪುರಸಭೆ ಆಫೀಸಿಗೇ ಹೊಸ ಕಟ್ಟಡವಂತೆ. ಇಂಥ 'ಅಂತೆ'ಗಳು ಟೀ ಅಂಗಡಿಗೆ ಬಂದು ಮುಟ್ಟುವ ಹೊತ್ತಿಗೆ ಕಡತ ಬಹಳ ದೂರ ಹೋಗಿರುತ್ತದೆ. ಭೂಮಿಪೂಜೆಯ ಫ್ಲೆಕ್ಸ್ ಕಟ್ಟಿದ ದಿನವೇ ಎಷ್ಟೋ ಊರಿಗೆ ವಿಷಯ ಗೊತ್ತಾಗುವುದು. ಆಮೇಲೆ 'ಈ ಜಾಗ ಬೇಡ', 'ಇಷ್ಟು ದೊಡ್ಡದು ಯಾಕೆ' ಎಂದು ಕೇಳಿದರೆ ಬರುವ ಉತ್ತರ ಒಂದೇ: ಟೆಂಡರ್ ಆಗಿಹೋಗಿದೆ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಸಣ್ಣ ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಒಂದು ಕಟ್ಟಡಕ್ಕೆ ಹಣ ಖರ್ಚಾಗುವ ಮುಂಚೆ ಜನರ ಅಭಿಪ್ರಾಯಕ್ಕೆ ಎಲ್ಲೆಲ್ಲಿ ಜಾಗವಿದೆ, ಯಾವ ಹಂತ ದಾಟಿದರೆ ಬಾಗಿಲು ಮುಚ್ಚುತ್ತದೆ ಎಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ಕೊಟ್ಟಿದ್ದೇವೆ. ಆಫೀಸಿನಲ್ಲಿ ನಡೆಯುವುದೆಲ್ಲ ತಮಿಳಿನಲ್ಲಿ. ಆದ್ದರಿಂದ ಅಲ್ಲಿ ಬಳಸುವ ತಮಿಳು ಹೆಸರುಗಳನ್ನೂ ಜೊತೆಯಲ್ಲೇ ಹೇಳಿದ್ದೇವೆ. ನಮ್ಮಲ್ಲಿ ಪುರಸಭೆ ಎಂದರೆ ಅಲ್ಲಿ 'ನಗರಾಟ್ಚಿ', ಪಟ್ಟಣ ಪಂಚಾಯಿತಿ ಎಂದರೆ 'ಪೇರೂರಾಟ್ಚಿ', ಮಹಾನಗರ ಪಾಲಿಕೆ ಎಂದರೆ 'ಮಾನಗರಾಟ್ಚಿ'.

ಹಳ್ಳಿಗೆ ಗ್ರಾಮಸಭೆ, ಪೇಟೆಗೆ ಏನು?

ಗ್ರಾಮಸಭೆ ಎಲ್ಲರಿಗೂ ಗೊತ್ತು. ಸಂವಿಧಾನದ 73ನೇ ತಿದ್ದುಪಡಿ ಅದಕ್ಕೆ ಆಧಾರ. ತಮಿಳುನಾಡಿನಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಗ್ರಾಮಸಭೆಯ ದಿನಗಳು. 2022ರಲ್ಲಿ ಮಾರ್ಚ್ 22 ಮತ್ತು ನವೆಂಬರ್ 1 ಕೂಡ ಸೇರಿದವು. ಹಳ್ಳಿಯ ಮತದಾರರೆಲ್ಲ ಅದರ ಸದಸ್ಯರು. ಸಮುದಾಯ ಭವನ ಎಲ್ಲಿ ಕಟ್ಟಬೇಕು ಎಂದು ಅಲ್ಲೇ ಎದ್ದು ನಿಂತು ಕೇಳಬಹುದು.

ಪೇಟೆಯ ಕಥೆ ಬೇರೆ. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ ನಗರಗಳಿಗೆ ಗ್ರಾಮಸಭೆಯಂಥದ್ದನ್ನು ಕೊಡಲಿಲ್ಲ. ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದಷ್ಟೇ ಅದರ 243ಎಸ್ ವಿಧಿ ಹೇಳುತ್ತದೆ. ನಮ್ಮ ಕಡೆಯ ಪೊಳ್ಳಾಚಿ, ಮೆಟ್ಟುಪಾಳಯಂ, ವಾಲ್ಪಾರೈ, ಉಡುಮಲೈಪೇಟೆ, ಧಾರಾಪುರಂ, ಪಲ್ಲಡಂ, ಕಾಂಗೇಯಂ, ವೆಳ್ಳಕೋವಿಲ್ ಪುರಸಭೆಗಳಲ್ಲಿ ಒಂದೂ 2011ರ ಜನಗಣತಿಯಲ್ಲಿ ಒಂದು ಲಕ್ಷ ಮುಟ್ಟಿರಲಿಲ್ಲ. ಹಾಗಾಗಿ ಸಂವಿಧಾನದ ಆ ಕಡ್ಡಾಯ ಸಣ್ಣ ಊರುಗಳಿಗೆ ತಾಗಲೇ ಇಲ್ಲ.

ಇದು ಗಡಿ ಹಳ್ಳಿಗಳವರು ಗಮನಿಸಬೇಕಾದ ಮಾತು. ಹಳ್ಳಿ ಪಂಚಾಯಿತಿಯನ್ನು ಪಕ್ಕದ ಪುರಸಭೆಗೆ ಸೇರಿಸಿದಾಗ ಮನೆ ತೆರಿಗೆ ಏರುತ್ತದೆಯೇ, ರಸ್ತೆ ಬರುತ್ತದೆಯೇ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಆದರೆ ಹಾಗೆ ಸೇರಿದ ದಿನವೇ ಗ್ರಾಮಸಭೆಯೂ ಹೋಗುತ್ತದೆ ಎಂಬುದು ಅನೇಕರ ಲೆಕ್ಕಕ್ಕೆ ಬರುವುದಿಲ್ಲ.

ಐದು ವರ್ಷ ಕೌನ್ಸಿಲರೇ ಇರಲಿಲ್ಲ

ಇನ್ನೊಂದು ವಿಷಯ. ತಮಿಳುನಾಡಿನ ನಗರ ಸಂಸ್ಥೆಗಳ ಚುನಾಯಿತ ಅವಧಿ 2016ರ ಅಕ್ಟೋಬರ್‌ನಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2022ರ ಫೆಬ್ರವರಿ 19ರಂದು. 21 ಮಹಾನಗರ ಪಾಲಿಕೆ, 138 ಪುರಸಭೆ, 490 ಪಟ್ಟಣ ಪಂಚಾಯಿತಿಗಳಿಗೆ ಒಟ್ಟಿಗೆ ಮತದಾನವಾಯಿತು. ನಡುವಿನ ಐದು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರ ನೇಮಿಸಿದ ವಿಶೇಷ ಅಧಿಕಾರಿಗಳೇ ಆಡಳಿತ ನಡೆಸಿದರು. ತೀರ್ಮಾನವನ್ನೂ ಅವರೇ ಬರೆದರು. ಕೇಳಬೇಕೆಂದರೆ ವಾರ್ಡಿನಲ್ಲಿ ಕೌನ್ಸಿಲರ್ ಇರಲಿಲ್ಲ. ಆ ವರ್ಷಗಳಲ್ಲಿ ಶುರುವಾದ ದೊಡ್ಡ ಕಟ್ಟಡಗಳ ಬಗ್ಗೆ ಇಂದಿಗೂ ಜಗಳ ನಡೆಯುತ್ತಿದ್ದರೆ ಅದಕ್ಕೆ ಇದೂ ಒಂದು ಕಾರಣ.

'ಪಗುದಿ ಸಭೈ' ಬಂದದ್ದು ಹೀಗೆ

2005ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆ ಆರಂಭಿಸಿತು. ಹಣ ಬೇಕಾದ ರಾಜ್ಯಗಳು ನಗರ ಆಡಳಿತದಲ್ಲಿ ಜನರ ಪಾಲುಗಾರಿಕೆಗೆ ಕಾನೂನು ಮಾಡಬೇಕು ಎಂಬುದು ಅದರ ಷರತ್ತುಗಳಲ್ಲಿ ಒಂದು. ತಮಿಳುನಾಡು 2010ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. ಆದರೆ ಅದನ್ನು ನಡೆಸಲು ಬೇಕಾದ ನಿಯಮಗಳು ಬಂದದ್ದು 2022ರ ಜೂನ್‌ನಲ್ಲಿ. ಆ ವರ್ಷದ ನವೆಂಬರ್ 1ರಂದು, ಸ್ಥಳೀಯ ಆಡಳಿತ ದಿನದಂದು, ರಾಜ್ಯದ ನಗರಗಳಲ್ಲಿ ಮೊದಲ ಏರಿಯಾ ಸಭೆಗಳು ನಡೆದವು. ಆಗಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ತಾಂಬರಂ ಪಾಲಿಕೆಯ ಪಮ್ಮಲ್‌ನಲ್ಲಿ ನಡೆದ ಸಭೆಯಲ್ಲಿ ಕುಳಿತಿದ್ದರು. 1998ರಲ್ಲಿ ಮಾಡಿದ ತಮಿಳುನಾಡು ನಗರ ಸ್ಥಳೀಯ ಸಂಸ್ಥೆಗಳ ಕಾಯ್ದೆಯೂ ಹೊಸ ನಿಯಮಗಳ ಸಮೇತ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು.

ವ್ಯವಸ್ಥೆ ಸರಳ. ಪ್ರತಿ ವಾರ್ಡನ್ನು ಕೆಲವು ಏರಿಯಾಗಳಾಗಿ ಹಂಚುತ್ತಾರೆ. ಆ ಏರಿಯಾದ ಮತದಾರರೆಲ್ಲ 'ಪಗುದಿ ಸಭೈ' ಸದಸ್ಯರು. ಏರಿಯಾದ ಪ್ರತಿನಿಧಿಗಳು ಮತ್ತು ಕೌನ್ಸಿಲರ್ ಸೇರಿ 'ವಾರ್ಡ್ ಕುಳು', ಅಂದರೆ ವಾರ್ಡ್ ಸಮಿತಿ. ಅದಕ್ಕೆ ಕೌನ್ಸಿಲರೇ ಅಧ್ಯಕ್ಷರು. ಸಣ್ಣ ಪುರಸಭೆ, ಪಟ್ಟಣ ಪಂಚಾಯಿತಿಗಳಿಗೂ ಇದು ಅನ್ವಯ. ಮೂರು ಲಕ್ಷದ ಮಿತಿ ಇಲ್ಲಿಲ್ಲ.

ಇನ್ನು ಇದರ ಮಿತಿ. ಸಭೆಯ ಮಾತು ಸಲಹೆ ಮಾತ್ರ. ಯಾವ ಕೆಲಸ ಮೊದಲು ಆಗಬೇಕು, ಎಲ್ಲಿ ಏನು ಕೊರತೆ ಎಂದು ಸಭೆ ಹೇಳಬಹುದು. ಕೌನ್ಸಿಲ್ ಅದನ್ನು ಒಪ್ಪಲೇಬೇಕು ಎಂದೇನಿಲ್ಲ. ಹಾಗಿದ್ದರೂ ಸಭೆಯ ನಡವಳಿಯಲ್ಲಿ ಬರೆಸಿದ ಮಾತಿಗೆ ಬೆಲೆ ಇದೆ. ಮುಂದೆ ಕೌನ್ಸಿಲರ್, ಅಧಿಕಾರಿ, ಕೋರ್ಟು ಯಾರ ಮುಂದೆ ಹೋದರೂ 'ನಾವು ಮೊದಲೇ ಹೇಳಿದ್ದೆವು' ಎನ್ನುವುದಕ್ಕೆ ಅದು ದಾಖಲೆ. ಬಾಯಲ್ಲಿ ಹೇಳಿ ಬಂದರೆ ಸಾಲದು, ನಡವಳಿ ಪುಸ್ತಕದಲ್ಲಿ ಬರೆಸಿ ಬರಬೇಕು.

ಒಂದು ಕಟ್ಟಡದ ಕಡತ ನಡೆಯುವ ದಾರಿ

ಪುರಸಭೆಯ ಕಟ್ಟಡ ಸಾಮಾನ್ಯವಾಗಿ ಈ ಹಂತಗಳನ್ನು ದಾಟುತ್ತದೆ.

1. ಯೋಚನೆ ಮತ್ತು ಜಾಗ. ಅಧ್ಯಕ್ಷರು, ಅಧಿಕಾರಿಗಳು, ಇಲ್ಲವೇ ಸರ್ಕಾರದ ಯಾವುದೋ ಯೋಜನೆಯ ಸುತ್ತೋಲೆ, ಇವುಗಳಲ್ಲಿ ಒಂದರಿಂದ ಶುರು. ಜಾಗ ಪುರಸಭೆಯದೋ, ಪೊರಂಬೋಕೋ, ಖಾಸಗಿಯೋ ಎಂದು ನೋಡುತ್ತಾರೆ. ಜನ ಮಾತಾಡಲು ಇದೇ ಅತ್ಯುತ್ತಮ ಕಾಲ.

2. ಬಜೆಟ್. ಮುಂದಿನ ವರ್ಷದ ಖರ್ಚು ಮಾರ್ಚ್ ಮುಗಿಯುವ ಮುಂಚೆ ಕೌನ್ಸಿಲ್ ಮುಂದೆ ಬರುತ್ತದೆ. ಕಟ್ಟಡದ ಹೆಸರು ಬಜೆಟ್‌ನಲ್ಲಿ ಮೊದಲ ಸಲ ಕಾಣುವುದುಂಟು. ಜನವರಿ, ಫೆಬ್ರವರಿಯಲ್ಲೇ ಕೌನ್ಸಿಲರನ್ನು ಕೇಳಿ.

3. ಕೌನ್ಸಿಲ್ ತೀರ್ಮಾನ, ತಮಿಳಿನಲ್ಲಿ 'ಮನ್ರ ತೀರ್ಮಾನಂ'. ಕೌನ್ಸಿಲ್ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಸೇರುತ್ತದೆ. ಅಜೆಂಡಾ ಮೊದಲೇ ಸದಸ್ಯರ ಕೈಗೆ ಬರುತ್ತದೆ. ಅಲ್ಲಿ ಮಾತಾಡುವ ಹಕ್ಕು ಸದಸ್ಯರದು. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸಭೆಗೆ ಮುಂಚೆಯೇ ಕೌನ್ಸಿಲರ್ ಕೈಗೆ ಬರಹದಲ್ಲಿ ಕೊಡಬೇಕು.

4. ಅಂದಾಜು ಪಟ್ಟಿ, 'ಮದಿಪ್ಪೀಡು'. ಎಂಜಿನಿಯರ್ ನಕ್ಷೆ ಮತ್ತು ದರಪಟ್ಟಿ ಹಿಡಿದು ವೆಚ್ಚ ಲೆಕ್ಕ ಹಾಕುತ್ತಾರೆ.

5. ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ. ಮೊದಲನೆಯದು ಹಣ ಖರ್ಚು ಮಾಡಲು ಒಪ್ಪಿಗೆ, ಎರಡನೆಯದು ನಕ್ಷೆ ಮತ್ತು ಲೆಕ್ಕಕ್ಕೆ ಒಪ್ಪಿಗೆ. ಮೊತ್ತ ದೊಡ್ಡದಾದಷ್ಟೂ ಮೇಲಿನ ಅಧಿಕಾರಿಯ ಸಹಿ ಬೇಕು.

6. ಟೆಂಡರ್, 'ಒಪ್ಪಂದಪ್ಪುಳ್ಳಿ'. 1998ರ ತಮಿಳುನಾಡು ಟೆಂಡರ್ ಪಾರದರ್ಶಕತೆ ಕಾಯ್ದೆ ಮತ್ತು 2000ದ ನಿಯಮಗಳ ಪ್ರಕಾರ ಪ್ರಕಟಣೆ ಕೊಡಬೇಕು. ಎರಡು ಕೋಟಿ ರೂ.ವರೆಗಿನ ಕೆಲಸಕ್ಕೆ ಕನಿಷ್ಠ 15 ದಿನ, ಅದಕ್ಕೆ ಮೇಲ್ಪಟ್ಟರೆ ಕನಿಷ್ಠ 30 ದಿನದ ಕಾಲಾವಕಾಶ ನಿಯಮದಲ್ಲಿದೆ. ಈ ದಿನಗಳು ಗುತ್ತಿಗೆದಾರರಿಗಾಗಿ ಇಟ್ಟವು. ಊರಿನವರ ಆಕ್ಷೇಪ ಕೇಳಲು ಇಟ್ಟವಲ್ಲ.

7. ಕಾರ್ಯಾದೇಶ, 'ಪಣಿ ಆಣೈ'. ಇದಾದ ಮೇಲೆ ಕೆಲಸ ನಿಲ್ಲಿಸಿದರೆ ಗುತ್ತಿಗೆದಾರನಿಗೆ ಪರಿಹಾರ, ಕೋರ್ಟು, ನಿಂತ ಕಬ್ಬಿಣ ಕಂಬಗಳು. ಎಲ್ಲದರ ಖರ್ಚೂ ಊರಿನದೇ.

ಈ ಏಳರಲ್ಲಿ ಒಂದರಿಂದ ಮೂರರವರೆಗೆ 'ಕಟ್ಟಬೇಕೇ, ಎಲ್ಲಿ ಕಟ್ಟಬೇಕು' ಎಂದು ಕೇಳಬಹುದು. ನಾಲ್ಕು ಮತ್ತು ಐದರಲ್ಲಿ 'ಹೇಗೆ, ಎಷ್ಟರಲ್ಲಿ' ಎಂದು ಕೇಳಬಹುದು. ಆರರ ನಂತರ ಉಳಿಯುವುದು 'ಸರಿಯಾಗಿ ಕಟ್ಟಿದರೇ' ಎಂಬುದಷ್ಟೇ. ನಮ್ಮ ಊರುಗಳಲ್ಲಿ ಹೆಚ್ಚಿನ ಪ್ರತಿಭಟನೆ ಶುರುವಾಗುವುದು ಏಳನೆಯ ಹಂತದಲ್ಲಿ!

ವೆಳ್ಳಲೂರು ಕಲಿಸಿದ ಪಾಠ

ತಡವಾದ ಚರ್ಚೆಗೆ ಎಷ್ಟು ಬೆಲೆ ಎಂದು ನೋಡಲು ದೂರ ಹೋಗಬೇಕಿಲ್ಲ. ಕೊಯಮತ್ತೂರು ಮಹಾನಗರ ಪಾಲಿಕೆ ವೆಳ್ಳಲೂರಿನಲ್ಲಿ ಸುಮಾರು 61 ಎಕರೆಯಲ್ಲಿ ಸಮಗ್ರ ಬಸ್ ನಿಲ್ದಾಣ ಕಟ್ಟಲು 2020ರಲ್ಲಿ ಕೆಲಸ ಆರಂಭಿಸಿತು. ಅಂದಾಜು ವೆಚ್ಚ 168 ಕೋಟಿ ರೂ. ಆಗ ಪಾಲಿಕೆಯಲ್ಲಿ ಚುನಾಯಿತ ಕೌನ್ಸಿಲ್ ಇರಲಿಲ್ಲ. 2021ರಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾಯಿತು. ಆ ಜಾಗ ಸಂಚಾರಕ್ಕೆ ಸರಿಯೇ, ಪ್ರಯಾಣಿಕರು ಅಲ್ಲಿಗೆ ಹೋಗಿ ಬರುವುದು ಹೇಗೆ ಎಂಬ ಪ್ರಶ್ನೆಗಳು ಮುಂದೆ ಬಂದವು. ಸುಮಾರು 50 ಕೋಟಿ ರೂ. ಖರ್ಚಾದ ಮೇಲೆ ಕೆಲಸ ನಿಂತಿತು.

ಒಂದು ಕಡೆಯವರು ನಿಲ್ಲಿಸಿದ್ದು ತಪ್ಪು ಎಂದರು. ಇನ್ನೊಂದು ಕಡೆಯವರು ಅಲ್ಲಿ ಶುರು ಮಾಡಿದ್ದೇ ತಪ್ಪು ಎಂದರು. ಯಾರು ಸರಿ ಎಂಬುದು ಇಲ್ಲಿ ನಮ್ಮ ವಿಷಯವಲ್ಲ. ಜಾಗದ ಬಗ್ಗೆ, ಸಂಚಾರದ ಬಗ್ಗೆ ಕೇಳಿದ ಪ್ರಶ್ನೆಗಳೆಲ್ಲ ಮೊದಲನೇ ಹಂತದ ಪ್ರಶ್ನೆಗಳು. ಅವು ಊರಿನ ಮುಂದೆ ಬಿಚ್ಚಿಕೊಂಡದ್ದು ಮಾತ್ರ ಕಂಬಗಳು ಎದ್ದ ಮೇಲೆ. ದೊಡ್ಡ ಪಾಲಿಕೆಗೆ 50 ಕೋಟಿಯ ಪೆಟ್ಟು ತಡೆಯುವ ಶಕ್ತಿ ಇರಬಹುದು. ಸಣ್ಣ ಪುರಸಭೆಗೆ ಎರಡು ಮೂರು ಕೋಟಿ ಹೀಗೆ ನಿಂತುಹೋದರೂ ಹಲವು ವರ್ಷದ ಚರಂಡಿ, ನೀರು, ದೀಪದ ಕೆಲಸ ಅದರಲ್ಲಿ ಹೂತುಹೋದ ಹಾಗೆ.

ಕಾನೂನು ಕೇಳಲೇಬೇಕು ಎನ್ನುವ ಸಂದರ್ಭಗಳು

ಪುರಸಭೆ ತನ್ನ ಸ್ವಂತ ಜಾಗದಲ್ಲಿ, ತನ್ನ ಹಣದಲ್ಲಿ ಕಟ್ಟುವಾಗ ಸಾರ್ವಜನಿಕ ವಿಚಾರಣೆ ನಡೆಸಲೇಬೇಕು ಎಂಬ ಸಾಮಾನ್ಯ ಕಟ್ಟಳೆ ಇಲ್ಲ. ಆದರೆ ಕೆಲವು ಸಂದರ್ಭಗಳಲ್ಲಿ ಬೇರೆ ಕಾಯ್ದೆಗಳು ನೆರವಿಗೆ ಬರುತ್ತವೆ.

ಖಾಸಗಿ ಜಮೀನು ತೆಗೆದುಕೊಂಡರೆ: 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಮತ್ತು ಬಾಧಿತರ ಊರಿನಲ್ಲಿ ಸಾರ್ವಜನಿಕ ವಿಚಾರಣೆ ಇದೆ. ಪ್ರಾಥಮಿಕ ಅಧಿಸೂಚನೆ ಬಂದ 60 ದಿನದೊಳಗೆ ಜಮೀನಿನವರು ಆಕ್ಷೇಪ ಸಲ್ಲಿಸಬಹುದು.

ಮಾಸ್ಟರ್ ಪ್ಲಾನ್ ತಯಾರಾಗುವಾಗ: 1971ರ ತಮಿಳುನಾಡು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಕರಡು ಪ್ರಕಟಿಸಿ ಜನರ ಆಕ್ಷೇಪ, ಸಲಹೆ ಕೇಳಬೇಕು. ಕೊಯಮತ್ತೂರಿನ 2041ರ ಕರಡು ಮಾಸ್ಟರ್ ಪ್ಲಾನ್ ಹೀಗೆ 2024ರ ಫೆಬ್ರವರಿಯಲ್ಲಿ ಜನರ ಮುಂದೆ ಬಂತು. ಬಸ್ ನಿಲ್ದಾಣ ಎಲ್ಲಿ, ಮಾರುಕಟ್ಟೆ ಎಲ್ಲಿ ಎಂಬ ಗೆರೆಗಳು ಇಂಥ ನಕ್ಷೆಯಲ್ಲೇ ಬೀಳುವುದು.

ಪಾರ್ಕಿಗೆ ಬಿಟ್ಟ ಜಾಗದಲ್ಲಿ ಕಟ್ಟ ಹೊರಟರೆ: ಇಲ್ಲಿ ಬೆಂಗಳೂರಿನ ಒಂದು ಪ್ರಕರಣ ದೇಶಕ್ಕೇ ದಾರಿ ತೋರಿಸಿತು. ಬಡಾವಣೆಯ ನಕ್ಷೆಯಲ್ಲಿ ಪಾರ್ಕ್ ಎಂದು ಇಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್, ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದ ತೀರ್ಪಿನಲ್ಲಿ, ಹಾಗೆ ಕೊಟ್ಟದ್ದು ಸಲ್ಲದು ಎಂದಿತು. ಪ್ರಶ್ನೆ ಕೇಳಲು ನಿವಾಸಿಗಳಿಗೆ ಹಕ್ಕಿದೆ ಎಂಬುದನ್ನೂ ಒಪ್ಪಿತು. ನಿಮ್ಮ ಬಡಾವಣೆಯ ಒಪ್ಪಿಗೆ ಪಡೆದ ನಕ್ಷೆಯ ಪ್ರತಿ ಒಂದು ಮನೆಯಲ್ಲಾದರೂ ಇರಲಿ.

ಬೀದಿ ವ್ಯಾಪಾರಿಗಳು ಎದ್ದು ಹೋಗಬೇಕಾದರೆ: 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪ್ರತಿ ಊರಿಗೂ ಪಟ್ಟಣ ವ್ಯಾಪಾರ ಸಮಿತಿ ಬೇಕು. ಅದರಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. 30 ದಿನದ ನೋಟಿಸ್ ಕೊಡದೆ ಎಬ್ಬಿಸುವಂತಿಲ್ಲ. ಸಂತೆ ಕಟ್ಟಡ ಕೆಡವುವ ಮಾತು ಬಂದಾಗ ಸೊಪ್ಪು, ಹೂ ಮಾರುವವರು ಮೊದಲು ಕೇಳಬೇಕಾದ ಪ್ರಶ್ನೆ: ಸಮಿತಿಯ ಮುಂದೆ ವಿಷಯ ಬಂದಿದೆಯೇ?

ಒಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಬೇಕು. ಪರಿಸರ ಅನುಮತಿಗೆ ಸಾರ್ವಜನಿಕ ವಿಚಾರಣೆ ಇರುತ್ತದಲ್ಲ ಎಂದು ಹಲವರು ಕೇಳುತ್ತಾರೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಕಟ್ಟಡಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಇದೆ. 20,000 ಚದರ ಮೀಟರ್‌ಗಿಂತ ಸಣ್ಣ ಕಟ್ಟಡಕ್ಕೆ ಸಾಮಾನ್ಯವಾಗಿ ಆ ಅನುಮತಿಯೇ ಬೇಕಿಲ್ಲ. ಆದ್ದರಿಂದ ಆ ಬಾಗಿಲನ್ನು ನಂಬಿ ಕೂರಬೇಡಿ.

ಗಡಿಯ ಆಚೆ ಹೇಗಿದೆ?

ಪೊಳ್ಳಾಚಿಯಿಂದ ಪಶ್ಚಿಮಕ್ಕೆ ಗಡಿ ದಾಟಿದರೆ ಕೇರಳದ ಚಿತ್ತೂರು-ತತ್ತಮಂಗಲಂ ಪುರಸಭೆ. ಊರಿನ ಗಾತ್ರ ನಮ್ಮಷ್ಟೇ, ಕಾನೂನು ಬೇರೆ. 1994ರ ಕೇರಳ ಪುರಸಭಾ ಕಾಯ್ದೆಯಡಿ ಒಂದು ಲಕ್ಷದವರೆಗಿನ ಜನಸಂಖ್ಯೆಯ ಪುರಸಭೆಗಳಲ್ಲಿ ಪ್ರತಿ ವಾರ್ಡಿಗೂ ವಾರ್ಡ್ ಸಭೆ ಇದೆ. ಒಂದು ಲಕ್ಷ ದಾಟಿದ ಕಡೆ ವಾರ್ಡ್ ಸಮಿತಿ. ಕನ್ನಡಿಗರು ಹೆಚ್ಚಾಗಿರುವ ಕಾಸರಗೋಡು ಪುರಸಭೆಯ ಜನಸಂಖ್ಯೆ 2011ರಲ್ಲಿ 54 ಸಾವಿರದಷ್ಟಿತ್ತು. ಅಲ್ಲೂ ವಾರ್ಡ್ ಸಭೆಯೇ.

ಸಭೆ ಇದ್ದರೆ ಸಾಲದು, ಸಭೆ ಹಂಚಲು ಹಣವೂ ಬೇಕು. 1996ರ ಆಗಸ್ಟ್ 17ರಂದು ಕೇರಳದಲ್ಲಿ ಜನಕೀಯ ಯೋಜನೆ ಆರಂಭವಾದಾಗ ರಾಜ್ಯದ ಯೋಜನಾ ಹಣದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಲು ತೀರ್ಮಾನಿಸಿದರು. ವಾರ್ಡ್ ಸಭೆಯಲ್ಲಿ ಬೇಡಿಕೆ, ಆಮೇಲೆ ಅಭಿವೃದ್ಧಿ ಸೆಮಿನಾರ್‌ನಲ್ಲಿ ಚರ್ಚೆ, ಆಮೇಲೆ ಕೌನ್ಸಿಲ್, ಕೊನೆಗೆ ಜಿಲ್ಲಾ ಯೋಜನಾ ಸಮಿತಿ. ಕಡತಕ್ಕೆ ಮುಂಚೆ ಜನ, ಜನರ ಹಿಂದೆ ಕಡತ. ಅಲ್ಲಿಯೂ ಎಲ್ಲ ಸಭೆ ತುಂಬುವುದಿಲ್ಲ, ಎಲ್ಲ ಮಾತು ನಡೆಯುವುದಿಲ್ಲ. ಆದರೆ ಮೊದಲು ಕೇಳಬೇಕು ಎಂಬ ಕ್ರಮವಂತೂ ನೆಲೆಯಾಗಿದೆ.

ದೂರದ ಉದಾಹರಣೆ ಬೇಕೆಂದರೆ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟ್‌ನ ಒಂದು ಭಾಗವನ್ನು ಜನರ ಸಭೆಗಳಲ್ಲಿ ತೀರ್ಮಾನಿಸಲು ಶುರು ಮಾಡಿತು. ನಮ್ಮ ದೇಶದಲ್ಲಿ ಪುಣೆ ಪಾಲಿಕೆ 2006ರಿಂದ ಅದರ ಒಂದು ರೂಪವನ್ನು ನಡೆಸಿತು. ಸ್ವಿಟ್ಜರ್ಲೆಂಡಿನ ಅನೇಕ ಊರುಗಳಲ್ಲಿ ಶಾಲೆ ಕಟ್ಟಡದಂಥ ದೊಡ್ಡ ಖರ್ಚು ಗೊತ್ತುಪಡಿಸಿದ ಮಿತಿ ದಾಟಿದರೆ ಊರಿನವರೇ ಮತ ಹಾಕಿ ಒಪ್ಪಬೇಕು.

ಜನರೇ ಹಣ ಹಾಕಿದಾಗ

ನಮ್ಮ ಊರಿನಲ್ಲೇ ಇದಕ್ಕೆ ಹಳೆಯ ಮಾದರಿ ಇದೆ. ಕೊಯಮತ್ತೂರಿನ ಟೌನ್ ಹಾಲ್, ಅಂದರೆ ವಿಕ್ಟೋರಿಯಾ ಹಾಲ್, ರಾಣಿ ವಿಕ್ಟೋರಿಯಾ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿಗೆ 1892ರಲ್ಲಿ ಎದ್ದದ್ದು. ಊರಿನವರ ವಂತಿಗೆಯ ಹಣ ಅದರಲ್ಲಿದೆ. ಎಸ್.ಪಿ. ನರಸಿಂಹಲು ನಾಯ್ಡು ಮುಂತಾದವರು ಮುಂದೆ ನಿಂತರು. ಕೈಯಿಂದ ಹಣ ಕೊಟ್ಟವರು 'ಎಲ್ಲಿ, ಎಷ್ಟು, ಯಾಕೆ' ಎಂದು ಕೇಳದೆ ಇರುವುದಿಲ್ಲ.

ಇದೇ ಲೆಕ್ಕದ ಮೇಲೆ ನಿಂತದ್ದು ತಮಿಳುನಾಡಿನ 'ನಮಕ್ಕು ನಾಮೇ' ಯೋಜನೆ. 2021ರಲ್ಲಿ ಅದನ್ನು ಮತ್ತೆ ಆರಂಭಿಸಿದಾಗ ಸಾಮಾನ್ಯವಾಗಿ ವೆಚ್ಚದ ಮೂರನೇ ಒಂದು ಪಾಲನ್ನು ಜನ ಕೊಟ್ಟರೆ ಉಳಿದದ್ದು ಸರ್ಕಾರದ್ದು ಎಂದು ಇಟ್ಟರು. ತೆರಿಗೆಯ ಹಣವೂ ನಮ್ಮ ಕೈಯಿಂದಲೇ ಹೋದದ್ದು. ರಸೀದಿ ಬೇರೆ ಬಣ್ಣದ್ದು, ಅಷ್ಟೇ.

ಏನು ಕೇಳಬೇಕು?

ಸಭೆಯಲ್ಲಿ 'ಬೇಡ' ಎಂದಷ್ಟೇ ಹೇಳಿದರೆ ಉತ್ತರ ಸುಲಭ. ಈ ಆರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ.

* ಈಗಿನ ಕಟ್ಟಡಕ್ಕೆ ಏನಾಗಿದೆ? ರಿಪೇರಿಗೆ ಎಷ್ಟು ಬೇಕೆಂದು ಲೆಕ್ಕ ಹಾಕಿದ್ದಾರೆಯೇ?
* ಬೇರೆ ಯಾವ ಜಾಗಗಳನ್ನು ನೋಡಿದರು? ಅವು ಯಾಕೆ ಬೇಡವಾದವು?
* ಹಣ ಎಲ್ಲಿಂದ? ಪುರಸಭೆಯದೋ, ಅನುದಾನವೋ, ಸಾಲವೋ? ಸಾಲವಾದರೆ ವರ್ಷಕ್ಕೆ ಎಷ್ಟು ಕಟ್ಟಬೇಕು?
* ಕಟ್ಟಿದ ಮೇಲೆ ಕರೆಂಟು, ನೀರು, ಕಾವಲು, ಶುಚಿತ್ವಕ್ಕೆ ವರ್ಷದ ಖರ್ಚೆಷ್ಟು? ಬಾಡಿಗೆಯಿಂದ ಎಷ್ಟು ಬರುತ್ತದೆ?
* ಕೆಲಸ ನಡೆಯುವಾಗ ಈಗಿನ ಅಂಗಡಿಯವರು, ಪ್ರಯಾಣಿಕರು ಎಲ್ಲಿಗೆ ಹೋಗಬೇಕು? ಮುಗಿದ ಮೇಲೆ ಹಳಬರಿಗೆ ಮಳಿಗೆ ಸಿಗುತ್ತದೆಯೇ? ಯಾವ ಬಾಡಿಗೆಗೆ?
* ಮುದುಕರು, ಕೈಕಾಲು ಆಗದವರು ಮೇಲಂತಸ್ತಿಗೆ ಹೋಗುವುದು ಹೇಗೆ? ಹೆಂಗಸರಿಗೆ ಶೌಚಾಲಯ ಎಲ್ಲಿ?

ನಾಲ್ಕನೆಯ ಪ್ರಶ್ನೆಯನ್ನು ಬಿಡಬೇಡಿ. ಅನುದಾನದಲ್ಲಿ ಬಂದ ಕಟ್ಟಡ ಪುಕ್ಕಟೆ ಎಂಬ ಭಾವನೆ ಇದೆ. ಕಟ್ಟಲು ಹಣ ಕೊಟ್ಟವರು ದೀಪ ಹಚ್ಚಲು ಹಣ ಕೊಡುವುದಿಲ್ಲ.

ಯಾವ ಭಾಷೆಯಲ್ಲಿ ಕೊಡಬೇಕು?

ಕೊಯಮತ್ತೂರು, ಮೆಟ್ಟುಪಾಳಯಂ, ಸಿರುಮುಗೈ ಕಡೆಯಲ್ಲಿ ದೇವಾಂಗ, ಒಕ್ಕಲಿಗ ಮುಂತಾದ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ. ಕೊಳ್ಳೇಗಾಲ ತಾಲ್ಲೂಕು 1956ರವರೆಗೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು ಎನ್ನುವವರಿಗೆ ಆಫೀಸಿನ ಕಾಗದದ ತಮಿಳು ಕಷ್ಟವಾಗುವುದುಂಟು.

ಸಂವಿಧಾನದ 350ನೇ ವಿಧಿ ಹೀಗೆ ಹೇಳುತ್ತದೆ: ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಕೊಡಬಹುದು. ಕನ್ನಡದ ಅರ್ಜಿಯನ್ನು ಭಾಷೆಯ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ಆದರೂ ಕೆಲಸ ಬೇಗ ಆಗಬೇಕಾದರೆ ತಮಿಳಿನ ಪ್ರತಿಯೊಂದನ್ನು ಜೊತೆಗೆ ಹಚ್ಚಿ. ಶಾಲೆಗೆ ಹೋಗುವ ಮಕ್ಕಳೇ ಬರೆದುಕೊಡುತ್ತಾರೆ. ಅರ್ಜಿ ಕೊಟ್ಟ ಮೇಲೆ 'ಮನು ರಸೀದು' ಕೇಳಿ ಪಡೆಯಿರಿ. ಪಟ್ಟಣ ಪಂಚಾಯಿತಿಯಾದರೆ 'ಸೆಯಲ್ ಅಲುವಲರ್', ಪುರಸಭೆಯಾದರೆ 'ಆಣೈಯರ್', ಇವರ ಹೆಸರಿಗೆ ಬರೆಯಬೇಕು. ಸೋಮವಾರ ಕಲೆಕ್ಟರ್ ಕಚೇರಿಯಲ್ಲಿ ನಡೆಯುವ ಕುಂದುಕೊರತೆ ದಿನದಲ್ಲೂ ಕೊಡಬಹುದು.

ಮಾಹಿತಿ ಹಕ್ಕಿನ ಅರ್ಜಿಗೆ ಮಾತ್ರ ಬೇರೆ ನಿಯಮ. 2005ರ ಕಾಯ್ದೆಯಲ್ಲಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ ಎಂದಿದೆ. ಇಲ್ಲಿ ತಮಿಳು ಅಥವಾ ಇಂಗ್ಲಿಷ್‌ನಲ್ಲಿ ಬರೆಯುವುದೇ ಸರಿ. ಶುಲ್ಕ 10 ರೂ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮೊದಲ ಮೇಲ್ಮನವಿಗೆ 30 ದಿನ, ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿಗೆ 90 ದಿನದ ಅವಕಾಶ. ಯಾವ ಯಾವ ದಾಖಲೆ ಕೇಳಬೇಕು? ಕೌನ್ಸಿಲ್ ತೀರ್ಮಾನದ ಪ್ರತಿ, ಅಂದಾಜು ಪಟ್ಟಿ, ಜಾಗದ ದಾಖಲೆ, ಎರಡೂ ಮಂಜೂರಾತಿ ಆದೇಶ. 'ಈ ಕಟ್ಟಡ ಯಾಕೆ ಕಟ್ಟುತ್ತೀರಿ' ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ಹಿಂದಕ್ಕೆ ಕಳಿಸಬಹುದು. ಕಾಗದವನ್ನೇ ಹೆಸರಿಸಿ ಕೇಳಿ.

ಒಂದು ಎಚ್ಚರಿಕೆ. 30 ದಿನದಲ್ಲಿ ಟೆಂಡರ್ ಅವಧಿಯೇ ಮುಗಿದುಹೋಗಬಹುದು. ಹಾಗಾಗಿ ಟೀ ಅಂಗಡಿಯ ಮೊದಲ 'ಅಂತೆ' ಕೇಳಿದ ವಾರವೇ ಅರ್ಜಿ ಹಾಕಿ.

ಕೆಲಸ ಶುರುವಾದ ಮೇಲೆ

ತಡವಾಯಿತು ಎಂದು ಕೈ ಕಟ್ಟಿ ಕೂರಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆಯಲ್ಲಿ 'ಮಾಹಿತಿ' ಎಂದರೆ ಕಾಗದ ಮಾತ್ರವಲ್ಲ. ಕಾಮಗಾರಿಯನ್ನು ನೋಡುವುದು, ಸಾಮಗ್ರಿಯ ಮಾದರಿ ಪಡೆಯುವುದೂ ಅದರಲ್ಲಿ ಸೇರಿದೆ. ಅಳತೆ ಪುಸ್ತಕದ ಪ್ರತಿ ಕೇಳಬಹುದು. ಸ್ಥಳೀಯ ನಿಧಿ ಲೆಕ್ಕಪರಿಶೋಧನೆಯ ವರದಿ ಕೇಳಬಹುದು. ಭ್ರಷ್ಟಾಚಾರದ ದೂರಿದ್ದರೆ 2014ರ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳ ಓಂಬುಡ್ಸ್‌ಮನ್‌ಗೆ ಬರೆಯಬಹುದು.

ಆದರೆ ಇವೆಲ್ಲ ಗೋಡೆಯ ಗಟ್ಟಿತನ ನೋಡುವ ದಾರಿಗಳು. ಗೋಡೆ ಅಲ್ಲಿ ಬೇಕಿತ್ತೇ ಎಂದು ಕೇಳುವ ದಾರಿ ಅವುಗಳಲ್ಲಿ ಇಲ್ಲ. ಅದನ್ನು ಕೇಳುವ ಕಾಲ ಕೌನ್ಸಿಲ್ ತೀರ್ಮಾನಕ್ಕೆ ಮುಂಚೆ, ಜಾಗ ಪಗುದಿ ಸಭೈ. ನಿಮ್ಮ ಏರಿಯಾದ ಮುಂದಿನ ಸಭೆ ಯಾವ ದಿನ, ಯಾವ ಜಾಗದಲ್ಲಿ ಎಂದು ಕೌನ್ಸಿಲರನ್ನೋ ಆಫೀಸನ್ನೋ ಈ ವಾರವೇ ಕೇಳಿ ಗೊತ್ತು ಮಾಡಿಕೊಳ್ಳಿ. ಸಭೆಯೇ ನಡೆದಿಲ್ಲ ಎಂದು ತಿಳಿದರೆ ನಿಮ್ಮ ಮೊದಲ ಅರ್ಜಿ ಅದರ ಬಗ್ಗೆಯೇ ಇರಲಿ.